ಒಂದು ಸ್ಪ್ಲಿಂಟ್, ಎರಡು ಬಾಯಿ

ಸ್ನೇಹಿತರೇ, ಇವತ್ತು ಕುಂದಾಪುರದ ಹಲ್ಲಿನ ಡಾಕ್ಟರರ ಎದುರು ನಗು ತಡೆಯುವುದೇ ಕಷ್ಟವಾಯಿತು!

ನಿದ್ದೆಯಲ್ಲಿ ಹಲ್ಲು ಕಡಿದೂ ಕಡಿದೂ ಹಂಗಾರಕಟ್ಟೆಯ ನನ್ನ ಚಿಕ್ಕಮ್ಮನ ದವಡೆಹಲ್ಲು ಬಿರುಕು ಬಿಟ್ಟಿದೆ. ಅದನ್ನು ಉಳಿಸಲೆಂದು ಡಾಕ್ಟರು ಕಳೆದ ವಾರ ಸ್ಪ್ಲಿಂಟ್ ಕೊಟ್ಟಿದ್ದರು. ಮಲಗುವಾಗ ಹಲ್ಲಿಗೆ ತೊಡಿಸುವ ಕವಚ. ಇವತ್ತು ನೋಡಿದರೆ ಅದು ಸೊಟ್ಟಗಾಗಿತ್ತು.

“ಬಿಸಿನೀರಿಗೆ ಹಾಕಿದ್ರಾ?” ಎಂದರು ಡಾಕ್ಟರು.

“ಕುದಿ ನೀರಿಗೇ ಹಾಕ್ದೆ. ಮೀನ್ ಬುಟ್ಟಿನೂ ಹಾಂಗೇ ತೊಳುದ್. ನಿನ್ನೆ ಅದ್ನ ಇವ್ರ್ ಬಾಯಿಗ್ ಹಾಯ್ಕಂಡ್ ಮನಿಕಂಡಿರ್. ಮತ್ತೆ ತಣ್ಣೀರಗೆ ತೊಳ್ದ್ರೆ ಸಾಕಾ?” ಎಂದರು ಚಿಕ್ಕಮ್ಮ, ಪಕ್ಕದಲ್ಲಿ ಕೂತಿದ್ದ ಚಿಕ್ಕಪ್ಪನತ್ತ ಕೈ ತೋರಿಸಿ.

“ನಂಗೂ ಹಲ್ಲ್ ಕಡು ಅಭ್ಯಾಸ ಇತ್ತಲೆ,” ಎಂದು ಚಿಕ್ಕಪ್ಪ ತಲೆ ತಗ್ಗಿಸಿದರು.

“ಡಾಕ್ಟ್ರೇ, ಇನ್ನ್ ನನ್ ಹಲ್ಲ್ ಹೋಯ್ತಾ?” ಚಿಕ್ಕಮ್ಮನ ದನಿ ಸಣ್ಣದಾಯಿತು.

ಡಾಕ್ಟರು ಕಂಪ್ಯೂಟರಿನಲ್ಲಿ ಚಿಕ್ಕಮ್ಮನ ಹಲ್ಲುಸಾಲನ್ನೇ ತೆರೆದು ತೋರಿಸಿದರು. ಅಂದು ಬಾಯೊಳಗೆ ಪುಟ್ಟ ಕ್ಯಾಮೆರಾ ಆಡಿಸಿ ಸ್ಕ್ಯಾನ್ ಮಾಡಿದ್ದು ಹಾಗೇ ಇದೆ! ಮತ್ತೆ ಬಾಯಿ ತೆರೆಯುವ ಕೆಲಸವೇ ಇಲ್ಲ. ಸಂಜೆಯೊಳಗೆ ಹೊಸದು ಪ್ರಿಂಟ್ ಆಗಿ ಬಂತು, ಹಲ್ಲಿಗೆ ಸರಿಯಾಗಿ ಕೂತಿತು!

“ಹಾಂಗಾರೆ ಇವ್ರಿಗೂ ನನ್ ಅಳತಿಯಗೇ ಇನ್ನೊಂದ್ ತೆಗ್ದ್ ಕೊಡಿ,” ಎಂದರು ಚಿಕ್ಕಮ್ಮ.

ಡಾಕ್ಟರು ಚಿಕ್ಕಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಬಾಯಿ ತೆರೆಸಿ, ಅವರ ಹಲ್ಲಿಗೇ ಬೇರೆ ಸ್ಕ್ಯಾನ್ ಮಾಡಿದರು. ಮದುವೆಯಾದಂದಿನಿಂದ ಒಂದೇ ಲೋಟದಲ್ಲಿ ಚಾ ಕುಡಿದ ಈ ಜೋಡಿ, ಕೊನೆಗೂ ಇವತ್ತು ಸ್ಪ್ಲಿಂಟಿನಲ್ಲಿ ಬೇರೆಬೇರೆಯಾಯಿತು.