ಬಾಣಂತಿ ಕೋಣೆಯ ಟಿಶ್ಯೂ ಕಲ್ಚರ್

ತೊಂಬತ್ತೈದರ ಸುಮಾರಿಗೆ ನಾನು ಶ್ರೀರಂಗಪಟ್ಟಣದಲ್ಲಿ ತೋಟಗಾರಿಕೆ ಅಧಿಕಾರಿಯಾಗಿದ್ದೆ. ಅರಕೆರೆಯ ಜಯಮ್ಮ ಒಂದು ದಿನ ಕಚೇರಿಗೆ ಬಂದು, "ಮೇಡಂ, ಟ್ರೈನಿಂಗಲ್ಲಿ ತೋರಿಸಿದ್ರಲ್ಲ, ಸೀಸೇಲಿ ಬಾಳೆಗಿಡ ಬೆಳೆಯೋದು, ಅದ್ನ ನಮ್ಮನೇಲೇ ಮಾಡಕ್ಕಾಗಲ್ವಾ?" ಎಂದರು. ನನಗೆ ನಗು ಬಂತು. ಆಕೆ ನಗಲಿಲ್ಲ. ರೋಗವಿಲ್ಲದ ಸಸಿ ತಾನೇ ಮಾಡಬೇಕೆಂಬ ಹಟ ಆಕೆಯದು.

ಟಿಶ್ಯೂ ಕಲ್ಚರ್ ಎಂದರೆ ಬಾಳೆಗೆಡ್ಡೆಯ ಎಳೆಮೊಳಕೆಯನ್ನು ಕೊಯ್ದು, ಸಕ್ಕರೆ, ಲವಣ ಬೆರೆಸಿದ ಅಗರ್ ಲೋಳೆಯಲ್ಲಿಟ್ಟು ಮರಿ ಒಡೆಸುವುದು. ಆ ಸಕ್ಕರೆಗೆ ಬೂಷ್ಟು ಕಾದು ಕೂತಿರುತ್ತದೆ. ಚೂರು ಧೂಳು ಬಿದ್ದರೂ ಸೀಸೆ ಹಾಳು. ಆದರೂ ಆಕೆಯ ಹಟಕ್ಕೆ ನಾನೂ ಒಪ್ಪಿದೆ. ಜಯಮ್ಮನ ಮನೆಯಲ್ಲಿ ಕಿಟಕಿಯಿಲ್ಲದ ಕೋಣೆ ಒಂದೇ. ಅಲ್ಲಿ ಟ್ಯೂಬ್‌ಲೈಟು ಹಾಕಿಸಿ, ಧೂಳು ತಾಗದಂತೆ ಕೈ ಮಾತ್ರ ತೂರಿಸಿ ಕೆಲಸ ಮಾಡುವ ಗಾಜಿನ ಪೆಟ್ಟಿಗೆಯನ್ನು ಬಡಗಿಯಿಂದ ಮಾಡಿಸಿ, ಅನ್ನದ ಕುಕ್ಕರಿನಲ್ಲೇ ಸೀಸೆ ಬೇಯಿಸಿದೆವು. ಮೊದಮೊದಲು ಬರೀ ಬೂಷ್ಟು. ಕೊನೆಗೊಮ್ಮೆ ಹಸಿರು ಮರಿಗಳು ನಿಂತವು. ಜಯಮ್ಮ ಸೀಸೆ ಎತ್ತಿ ಹಿಡಿದು ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ನಾಗಮಂಗಲಕ್ಕೆ ಕೊಟ್ಟಿದ್ದ ಮಗಳು ಸುಧಾ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಳು. ಆ ಮನೆಯ ಬಾಣಂತಿ ಕೋಣೆಯೂ ಅದೇ! ಜಯಮ್ಮನ ಗಂಡ ನಿಂಗೇಗೌಡರು ನನ್ನೆದುರೇ ಗುಡುಗಿದರು: "ಏನ್ ಲ್ಯಾಬೋ ಏನೋ, ಸೀಸೆನೆಲ್ಲಾ ಎತ್ತಾಕು. ಬಾಣಂತಿನ ಜಗಲಿ ಮ್ಯಾಲೆ ಮಲಗ್ಸಕ್ಕಾಯ್ತದಾ?"

ನನಗೆ ಸಿಟ್ಟು ಬಂತು. ಆದರೆ ಅವರ ಮಾತಲ್ಲಿ ತಪ್ಪೇನಿತ್ತು? ಹಸುಗೂಸಿಗೂ ಧೂಳು ಆಗದು, ಸೀಸೆಗೂ ಆಗದು. ನಡುಮನೆಗೋ ಕೊಟ್ಟಿಗೆಯ ಧೂಳು. ಈ ಮರಿಗಳೂ ಕೆಟ್ಟರೆ ಜಯಮ್ಮನಿಗೆ ಮನೆಯಲ್ಲಿ ಇನ್ನೊಂದು ಅವಕಾಶ ಸಿಗುತ್ತಿರಲಿಲ್ಲ. ಆಕೆ ಸೀಸೆಗಳನ್ನು ಬುಟ್ಟಿಗಿಡತೊಡಗಿದರು. ನೋಡಲಾರದೆ ನಾನು ಹೊರಗೆ ಬಂದೆ.

ಬಸುರಿಯ ಬಯಕೆ ಕೇಳುವುದು ನಮ್ಮ ಕಡೆಯ ರೂಢಿ. ಕೇಳಿದ ಮೇಲೆ ಇಲ್ಲವೆನ್ನುವಂತಿಲ್ಲ. ನನ್ನ ಹಿಂದೆಯೇ ಬಂದ ಗೌಡರು ಮಾತು ತಿರುಗಿಸಲೆಂದು ಜಗಲಿಯಲ್ಲಿ ಕೂತಿದ್ದ ಮಗಳನ್ನು ಕೇಳಿದರು: "ಅದಿರ್ಲಿ, ನಿಂಗೇನ್ ಬಯಕೆ ಯೋಳವ್ವ, ಪ್ಯಾಟೆಯಿಂದ ತತ್ತೀನಿ."

"ಹಿತ್ತಲಲ್ಲಿ ಅವ್ವಂಗೊಂದು ಕೋಣೆ ಕಟ್ಸ್ಕೊಡಪ್ಪ. ಅದೇ ನನ್ ಬಯಕೆ."

"ಯಾವ ಬಸುರಿ ಇಟ್ಟಿಗೆ ಕೇಳ್ತಾಳವ್ವ!" ಎಂದು ಗೌಡರು ಟವೆಲ್ಲು ಕೊಡವಿ ಎದ್ದರು. ಒಳಗೆ ಜಯಮ್ಮ ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು.

ಹೆರಿಗೆಗೆ ಮೊದಲೇ ಕೋಣೆ ಎದ್ದಿತು. ಸಾಗಿಸುವಾಗ ಒಂದಷ್ಟು ಸೀಸೆ ಕೆಟ್ಟವು. ಉಳಿದ ಸೀಸೆಗಳ ಮರಿಗಳು ಸಸಿಯಾಗಿ ತೋಟ ಸೇರಿದವು.

ಮುಂದೆ ಪಾಂಡವಪುರ, ಕೃಷ್ಣರಾಜಪೇಟೆ ಕಡೆಯಿಂದಲೂ ಹೆಂಗಸರು ಮನೆಯಲ್ಲಿ ಲ್ಯಾಬು ಮಾಡಬೇಕೆಂದು ಬಂದರು. ಕುಕ್ಕರು, ಅಗರಿನ ಮಾತು ಆಮೇಲೆ. ನಾನು ಮೊದಲು ಕೇಳುತ್ತಿದ್ದದ್ದು ಇಷ್ಟೇ: "ಆ ಕೋಣೆಯ ಬಾಗಿಲು ಹಾಕಿಕೊಳ್ಳೋ ಹಕ್ಕು ನಿಮಗುಂಟೇನಮ್ಮ?"