ಬ್ಯಾಗಿನೊಳಗಿನ ಟೋಪಿ

ನಮ್ಮ ಭಾವನ ಹಾರಾಟವೆಲ್ಲ ಮೋಡದ ಮೇಲೆ. ನೆಲಕ್ಕಿಳಿದರೆ ಲಿಫ್ಟಿಗೆ ಹೆದರುತ್ತಾರೆ, ಪಕ್ಕದ ಮನೆಯ ನಾಯಿಗೆ ಹೆದರುತ್ತಾರೆ, ಗುರುತಿಲ್ಲದ ನಂಬರಿನಿಂದ ಫೋನ್ ಬಂದರೆ ಅಕ್ಕನ ಕೈಗೆ ಕೊಟ್ಟು ಬಚ್ಚಲಮನೆ ಸೇರುತ್ತಾರೆ. ಅಕ್ಕನಿಗೆ ಎಷ್ಟು ಹೆದರುತ್ತಾರೆ ಎನ್ನುವುದನ್ನು ಅವಳ ತಮ್ಮನಾದ ನಾನು ಬರೆಯುವುದು ಸಭ್ಯತೆಯಲ್ಲ. ಒಮ್ಮೆ ವಿಮಾನದ ಮೂತಿಗೇ ಸಿಡಿಲು ಬಡಿದಿತ್ತಂತೆ. ಆಗೇನು ಮಾಡಿದಿರಿ ಎಂದು ಕೇಳಿದೆ. “ಮಾಡೋದೇನಯ್ಯಾ, ಲಿಸ್ಟ್ ಇರತ್ತಲ್ಲ” ಎಂದರು, ಹಾಲು ತಂದಷ್ಟು ಸಲೀಸಾಗಿ.

ಲಿಸ್ಟ್ ಎಂದರೆ ಚೆಕ್‌ಲಿಸ್ಟ್. ಕಾಕ್‌ಪಿಟ್‌ನಲ್ಲಿ ಒಬ್ಬರು ಒಂದೊಂದೇ ಹೆಸರು ಓದುತ್ತಾರೆ. ಇನ್ನೊಬ್ಬರು ಆ ಗುಂಡಿಯನ್ನೋ ಹಿಡಿಕೆಯನ್ನೋ ಕಣ್ಣಿಂದ ನೋಡಿ, ಕೈಯಿಂದ ಮುಟ್ಟಿ, ಹೇಗಿದೆಯೋ ಹಾಗೆ ಹೇಳುತ್ತಾರೆ. ಓದಿದವರು ತಾವೂ ನೋಡಿ “ನೋಡಿದೆ” ಎನ್ನುತ್ತಾರೆ. ಹೇಗಿರಬೇಕು ಎನ್ನುವುದನ್ನು ಹೇಳುವ ಹಾಗಿಲ್ಲ. ಹೇಗಿದೆಯೋ ಅದನ್ನೇ ಹೇಳಬೇಕು. ವರ್ಷಾನುಗಟ್ಟಲೆ ಇದನ್ನೇ ಮಾಡಿ ಭಾವನ ನಾಲಿಗೆ ಅವರ ಕೈಯ ಗುಲಾಮನಾಗಿದೆ. ಮನೆಯಲ್ಲೂ ಇದೇ ಕಥೆ. ಹೊರಡುವಾಗ ಅಕ್ಕ “ಕೀ?” ಎಂದರೆ ಜೇಬು ಮುಟ್ಟಿ “ಇದೆ” ಎನ್ನುತ್ತಾರೆ. “ಪರ್ಸ್?” ಮುಟ್ಟಿ, “ಇದೆ.” ಆಮೇಲೆ ಬಾಗಿಲಲ್ಲೇ ನಿಲ್ಲುತ್ತಾರೆ, ಅವಳು “ನೋಡಿದೆ” ಅನ್ನಲಿ ಎಂದು. “ನಂಗೇನ್ ಬೇರೆ ಕೆಲಸ ಇಲ್ವಾ, ಹೋಗ್ರೀ!” ಎಂದು ಅವಳು ಬಾಗಿಲು ಹಾಕಿಕೊಳ್ಳುತ್ತಾಳೆ. ಮದುವೆಯಾದಾಗಿನಿಂದ ಒಮ್ಮೆಯೂ ಆ ಮಾತು ಅವಳ ಬಾಯಿಂದ ಬಂದದ್ದಿಲ್ಲ.

ಇಂಥ ಮನುಷ್ಯನ ತಲೆಯ ಮೇಲೆ ಆ ವರ್ಷ ಟೋಪಿಯ ವಿಷಯ ಬಂದು ಕೂತಿತು.

ಎರಡು ಡ್ಯೂಟಿಗಳ ನಡುವೆ ಪೈಲಟ್‌ಗಳಿಗೆ ಸಿಗುತ್ತಿದ್ದ ವಿಶ್ರಾಂತಿಯನ್ನು ಕಂಪನಿ ಮೊಟಕು ಮಾಡಿತ್ತು. ಮನೆಗೆ ಬಂದು, ಉಂಡು, ದಿಂಬಿಗೆ ತಲೆ ಕೊಡುವಷ್ಟರಲ್ಲಿ ವಾಪಸು ಕರೆದೊಯ್ಯುವ ಬಸ್ಸಿನ ಹಾರ್ನ್. ಮುಷ್ಕರ ಹೂಡಿದರೆ ಪ್ರಯಾಣಿಕರು ಬೀದಿಗೆ ಬೀಳುತ್ತಾರೆ. ಹಾಗಾಗಿ ಯೂನಿಯನ್ ಸಭೆ ಸೇರಿ, ಯಾರಿಗೂ ನೋವಾಗದ ದಾರಿಯೊಂದನ್ನು ಹುಡುಕಿತು. ಯೂನಿಫಾರ್ಮಿನ ನಿಯಮದ ಪ್ರಕಾರ ವಿಮಾನ ನಿಲ್ದಾಣದೊಳಗೆ ಪೈಲಟ್‌ನ ತಲೆಯ ಮೇಲೆ ಟೋಪಿ ಇರಲೇಬೇಕು. ವಿಶ್ರಾಂತಿ ವಾಪಸು ಬರುವ ತನಕ ಯಾರೂ ಟೋಪಿ ಹಾಕಬಾರದು ಎಂದಾಯಿತು. “ಕಂಪನಿ ನಮಗೆ ಹಾಕಿದ ಟೋಪೀನ ನಾವೇ ತೆಗೀಬೇಕು” ಎಂದು ಕಾರ್ಯದರ್ಶಿ ಹೇಳಿದಾಗ ಎಲ್ಲರೂ ನಕ್ಕರಂತೆ. ಭಾವನೂ ನಕ್ಕರು, ಕೈಯನ್ನೂ ಎತ್ತಿದರು. ಎತ್ತಿದ ಕೈಯನ್ನು ಮನೆಗೆ ಬಂದಮೇಲೆ ಬೈದುಕೊಳ್ಳತೊಡಗಿದರು.

ಕಾರಣವಿತ್ತು. ಭಾವ ಕೋ-ಪೈಲಟ್, ಭುಜದ ಮೇಲೆ ಮೂರು ಪಟ್ಟೆ. ಮುಂದಿನ ತಿಂಗಳು ಕ್ಯಾಪ್ಟನ್ ಹುದ್ದೆಯ ಪರೀಕ್ಷೆ ನಿಗದಿಯಾಗಿತ್ತು. ಗೆದ್ದರೆ ನಾಲ್ಕನೆಯ ಪಟ್ಟೆ. ಪರೀಕ್ಷೆಗೆ ಕಳಿಸುವ ಸಹಿ ಡ್ಯೂಟಿ ಮ್ಯಾನೇಜರನದು. ಅವನನ್ನು ಎಲ್ಲರೂ ಬೆನ್ನ ಹಿಂದೆ ‘ಇಸ್ತ್ರಿ’ ಎನ್ನುತ್ತಿದ್ದರು. ಪ್ಯಾಂಟಿನ ಗೆರೆಯಲ್ಲಿ ತರಕಾರಿ ಹೆಚ್ಚಬಹುದಾಗಿತ್ತು. ಮಾತೂ ಹಾಗೆಯೇ, ಬಿಸಿ ಕಾಣದು, ಸುಡುತ್ತದೆ. ಹಿಂದೊಮ್ಮೆ ಯೂನಿಯನ್ ಬಿಲ್ಲೆಯನ್ನು ಟೈಗೆ ಸಿಕ್ಕಿಸಿಕೊಂಡು ಬಂದ ಒಬ್ಬನನ್ನು ಇಸ್ತ್ರಿ ಬೈಯಲಿಲ್ಲ, ಕೆಲಸದಿಂದ ತೆಗೆಯಲೂ ಇಲ್ಲ. ಅವನ ಪರೀಕ್ಷೆ ಮಾತ್ರ ಮುಂದಕ್ಕೆ ಹೋಯಿತು. ಮತ್ತೂ ಮುಂದಕ್ಕೆ ಹೋಯಿತು. ಈಗ ಅವನ ಹುಬ್ಬು ಕೂಡ ಬೆಳ್ಳಗಾಗಿದೆ, ತನ್ನ ಕೈಕೆಳಗೆ ಕಲಿತ ಹುಡುಗರಿಗೆ ಸೆಲ್ಯೂಟ್ ಹೊಡೆಯುತ್ತಾನೆ. ಅವನಿಗೆ ‘ಮೂರುಪಟ್ಟೆ ಅಜ್ಜ’ ಎಂದು ಹೆಸರು. ಭಾವ ಕನಸಿನಲ್ಲಿ ಕನ್ನಡಿ ನೋಡಿಕೊಂಡರೆ ಅಜ್ಜನ ಮುಖ ಕಾಣುತ್ತಿತ್ತಂತೆ.

“ಸುಮ್ನೆ ಹಾಕ್ಕೊಂಡು ಹೋಗ್ರೀ” ಎಂದಳು ಅಕ್ಕ. “ಊರಿಗೆಲ್ಲ ಇಲ್ಲದ ಪೌರುಷ ನಿಮಗ್ಯಾಕೆ?”

“ಊರೆಲ್ಲ ತೆಗೀತಿದೆ ಕಣೇ. ಹಾಕ್ಕೊಂಡ್ರೆ ನಾಳೆ ಪಕ್ಕದ ಸೀಟಲ್ಲಿ ಕೂತವರು ನನ್ನ ಮುಖ ನೋಡ್ತಾರಾ?”

“ಮುಖ ಯಾಕೆ ನೋಡ್ಬೇಕು? ರಸ್ತೆ ನೋಡ್ಲಿ.”

“ಅಲ್ಲಿ ರಸ್ತೆ ಎಲ್ಲಿದೆ, ಮಾರಾಯ್ತಿ!”

ಕೊನೆಗೆ ಭಾವ ಹಾವೂ ಸಾಯದ, ಕೋಲೂ ಮುರಿಯದ ಉಪಾಯ ಹೂಡಿದರು. ಪೈಲಟ್‌ಗಳನ್ನೆಲ್ಲ ಕರೆದೊಯ್ಯುವ ಬಸ್ಸಿನಲ್ಲಿ ಟೋಪಿ ಬ್ಯಾಗಿನೊಳಗೆ. ಬಸ್ಸಿಳಿದ ಮೇಲೆ ಶೂ ಲೇಸು ಕಟ್ಟುವ ನೆಪದಲ್ಲಿ ಹಿಂದುಳಿದು, ಎಲ್ಲರೂ ಒಳಹೋದ ಮೇಲೆ ಟೋಪಿ ತಲೆಗೇರಿಸಿ ಗಾಜಿನ ಬಾಗಿಲಲ್ಲಿ ನಿಂತ ಇಸ್ತ್ರಿಯ ಮುಂದೆ ಹಾಯುವುದು. ಆಚೆ ತಿರುವಿನಲ್ಲಿ ತೆಗೆದು ಮತ್ತೆ ಬ್ಯಾಗಿಗೆ. ಮೊದಲ ಒಂದೆರಡು ದಿನ ನಡೆಯಿತು. ಆದರೆ ಆ ಬಾಗಿಲಿಂದ ತಿರುವಿನವರೆಗಿನ ದಾರಿ ದಿನದಿನಕ್ಕೆ ಉದ್ದವಾಗುತ್ತಿತ್ತು ಎಂದರು. ಯಾರೋ ತಿರುಗಿ ನೋಡಿದ ಹಾಗೆ, ಯಾರೋ ಮಾತು ನಿಲ್ಲಿಸಿದ ಹಾಗೆ. ಊಟದ ಮೇಜಿನಲ್ಲಿ ಒಬ್ಬ ಗೆಳೆಯ “ಏನಯ್ಯಾ, ನಿನ್ನ ಲೇಸು ಭಾರೀ ಸಡಿಲ?” ಎಂದಾಗ ತಟ್ಟೆ ಹಾಗೇ ಬಿಟ್ಟು ಕೈ ತೊಳೆಯಲು ಎದ್ದರು. ಎರಡೂ ಕಡೆಯ ಭಯ ಒಂದೇ ತಲೆಯಲ್ಲಿ ಸಂಸಾರ ಹೂಡಿತ್ತು.

ಆಮೇಲಿನ ಬೆಳಿಗ್ಗೆ ಬಸ್ಸಿನಲ್ಲಿ ಯೂನಿಯನ್ ಕಾರ್ಯದರ್ಶಿಯೇ ಬಂದು ಅವರ ಪಕ್ಕ ಕೂತರು. ಆಕೆ ಹಿರಿಯ ಕ್ಯಾಪ್ಟನ್. ಯಾರ ಕೆಲಸದಲ್ಲೂ ಕೊಂಕು ಹುಡುಕುವುದರಿಂದ ಎಲ್ಲರಿಗೂ ‘ಅತ್ತೆ’. ಅಂದು ಇಬ್ಬರದೂ ಒಂದೇ ವಿಮಾನ. ಲೇಸಿನ ಗುಟ್ಟು ಗೊತ್ತಾಗಿದೆ, ಈಗ ಶುರು ಮಾಡುತ್ತಾರೆ ಎಂದು ಭಾವ ಕಿಟಕಿಗಂಟಿ ಕುಗ್ಗಿದರು. ಅತ್ತೆ ಟೋಪಿಯ ಮಾತೇ ಎತ್ತಲಿಲ್ಲ.

“ಹೋದ ವಾರ ನಾವಿಬ್ರೂ ಫ್ಲೈಟ್ ಇಳಿಸಿದ್ವಲ್ಲ, ನೆನಪಿದೆಯಾ? ನೀನು ಸ್ಪೀಡ್ ಕಡಿಮೆ ಆಗ್ತಿದೆ ಅಂತ ಕೂಗಿದೆ.”

“ಹೌದು ಮೇಡಂ.”

“ಎರಡು ಸಲ ಕೂಗಿದೆ.”

“ಹೌದು.”

“ಮೊದಲನೇದು ನಂಗೆ ಕೇಳ್ಲೇ ಇಲ್ಲ ಕಣೋ.” ಆಕೆ ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು. “ಕಣ್ಣು ಬಿಟ್ಟೇ ಇತ್ತು. ರನ್‌ವೇ ದೀಪ ಎಲ್ಲ ಕಾಣ್ತಿತ್ತು. ಯಾವ ಊರು, ಯಾಕಿಲ್ಲಿದ್ದೀನಿ, ಒಂದೂ ಗೊತ್ತಾಗ್ಲಿಲ್ಲ. ನಿದ್ದೆ ಇರ್ಬೇಕು. ಹಿಂದೆ ಅಷ್ಟೊಂದು ಜನ ಕೂತಿದ್ರು.”

ಭಾವ ಕಿಟಕಿಯಿಂದ ತಿರುಗಿ ಆಕೆಯನ್ನು ನೋಡಿದರು. ಇಷ್ಟು ದಿನ ಪಟ್ಟದ್ದೆಲ್ಲ ಬರೀ ಪುಕ್ಕಲುತನ, ಇದು ಭಯ. ಆ ದಿನ ಅವರಿಗೂ ಕಣ್ಣು ಎಳೆಯುತ್ತಿತ್ತು. ಆ ಎರಡನೇ ಕೂಗು ತಮ್ಮ ಬಾಯಿಂದ ಬರದೇ ಇದ್ದಿದ್ದರೆ? ಬಸ್ಸು ನಿಂತದ್ದು ತಿಳಿಯಲಿಲ್ಲ. “ನಡಿ” ಎಂದು ಅತ್ತೆ ಭುಜ ತಟ್ಟಿದಾಗ ಎದ್ದರು, ಇಳಿದರು, ಗಾಜಿನ ಬಾಗಿಲಿಗೆ ಬಂದು ನಿಂತರು. ಲೇಸು ಮರೆತೇ ಹೋಗಿತ್ತು. ಹಿಂದೆ ಅತ್ತೆ, ಅವರ ಹಿಂದೆ ಉಳಿದವರ ಸಾಲು.

ಇಸ್ತ್ರಿ ಹಳೆಯ ಪೈಲಟ್. ಯೂನಿಫಾರ್ಮಿನ ತಪಾಸಣೆಯನ್ನೂ ಕಾಕ್‌ಪಿಟ್‌ನ ಧಾಟಿಯಲ್ಲೇ ಮಾಡುತ್ತಿದ್ದ. ಕೈಯಲ್ಲಿದ್ದ ಪಟ್ಟಿಯಿಂದ ತಲೆ ಎತ್ತದೆ ಶುರು ಮಾಡಿದ.

“ಟೈ?”

ಭಾವನ ಕೈ ಟೈ ಮುಟ್ಟಿತು. “ಇದೆ.”

“ಬ್ಯಾಡ್ಜ್?”

“ಇದೆ.”

“ಟೋಪಿ?”

ಕೈ ತಲೆಗೆ ಹೋಯಿತು. ಕೂದಲು ಸಿಕ್ಕಿತು. ನಾಲಿಗೆ ಯಾರ ಅಪ್ಪಣೆಗೂ ಕಾಯಲಿಲ್ಲ.

“ಇಲ್ಲ.”

ಅಲ್ಲಿಯವರೆಗೆ ಇಸ್ತ್ರಿ “ಟೋಪಿ?” ಎಂದಾಗ ಎಲ್ಲರೂ ತಲೆ ತಗ್ಗಿಸಿ ದಾಟಿದ್ದರಂತೆ. ಅವನೂ ಕಂಡೂ ಕಾಣದ ಹಾಗೆ ಗುರುತು ಹಾಕಿಕೊಳ್ಳುತ್ತಿದ್ದ. ಎದುರಿಗೆ ನಿಂತು ಬಾಯಿಬಿಟ್ಟು ಹೇಳಿದವರಲ್ಲಿ ಭಾವನೇ ಮೊದಲಿಗರು. ಇಸ್ತ್ರಿ ಈಗ ತಲೆ ಎತ್ತಿದ. ಬಹಳ ಮೃದುವಾಗಿ ಹೇಳಿದ, “ಮುಂದಿನ ತಿಂಗಳು ನಿಮ್ಮ ಪರೀಕ್ಷೆ ಅಲ್ವಾ? ಗಡಿಬಿಡೀಲಿ ಮರೆತಿರ್ತೀರಿ. ಮರೆತೆ ಅನ್ನಿ, ಮುಗೀತು.”

ವಿಚಿತ್ರ ನೋಡಿ: ಅದು ಅಪ್ಪಟ ಸತ್ಯ! ಟೋಪಿ ಹಾಕಿಕೊಳ್ಳುವುದನ್ನು ಭಾವ ನಿಜವಾಗಿಯೂ ಮರೆತಿದ್ದರು. ಒಂದು ಪ್ರಾಮಾಣಿಕ ಮಾತು, ನಾಲ್ಕನೆಯ ಪಟ್ಟೆ ಭುಜಕ್ಕೆ. ಆದರೆ ಆ ಮಾತು ಹೊರಬಿದ್ದರೆ ಹಿಂದಿನ ಸಾಲಿನಲ್ಲಿ ಪ್ರತಿಯೊಬ್ಬರಿಗೂ ಇಸ್ತ್ರಿ ಅದನ್ನೇ ಹಂಚುತ್ತಾನೆ. ಒಬ್ಬೊಬ್ಬರೂ ಮರೆತವರಾಗುತ್ತಾರೆ, ನಾಳೆ ನೆನಪಾಗಿ ಹಾಕಿಕೊಂಡು ಬರುತ್ತಾರೆ. ಬಸ್ಸಿನ ಹಾರ್ನ್ ಹಾಗೇ ಉಳಿಯುತ್ತದೆ. ಎಲ್ಲೋ ಒಂದು ರನ್‌ವೇಯಲ್ಲಿ ಎರಡನೇ ಕೂಗು ಬರುವುದಿಲ್ಲ.

ಭಾವ ಬ್ಯಾಗ್ ಮುಟ್ಟಿ ನೋಡಿದರು.

“ಮರೆತಿಲ್ಲ ಸಾರ್. ಬ್ಯಾಗಲ್ಲಿದೆ.”

“ತೆಗೆದು ಹಾಕ್ಕೊಳ್ಳಿ.”

“ಇಲ್ಲ ಸಾರ್.” ದನಿ ಕೀರಲಾಗಿತ್ತು.

ಹಿಂದಿನಿಂದ ಅತ್ತೆಯ ದನಿ: “ನೋಡಿದೆ.”

ಅವರ ಹಿಂದಿನವನು ತನ್ನ ತಲೆ ಮುಟ್ಟಿಕೊಂಡು “ಇಲ್ಲ” ಎಂದ. ಅವನ ಹಿಂದಿನವನು “ನೋಡಿದೆ” ಎಂದ. ಸಾಲಿನ ಕೊನೆಯತನಕ ಅದು ಹೋಯಿತು. ಕೊನೆಯಲ್ಲಿ ಮೂರುಪಟ್ಟೆ ಅಜ್ಜ ನಿಂತಿದ್ದ. ಅವನ “ಇಲ್ಲ” ಎಷ್ಟು ಜೋರಾಗಿತ್ತೆಂದರೆ ಆಚೆ ಟೀ ಕುಡಿಯುತ್ತಿದ್ದ ಪ್ರಯಾಣಿಕರು ಲೋಟ ಕೆಳಗಿಟ್ಟರು. ಎಲ್ಲರನ್ನೂ ತಡೆದರೆ ಒಂದು ವಿಮಾನವೂ ಏಳುವುದಿಲ್ಲ. ಇಸ್ತ್ರಿ ಪಕ್ಕಕ್ಕೆ ಸರಿದ. ಭಾವನನ್ನು ಮಾತ್ರ ಕಣ್ಣಲ್ಲೇ ತಿರುವಿನತನಕ ಕಳಿಸಿಕೊಟ್ಟ.

ವಿಶ್ರಾಂತಿಯ ಬಗ್ಗೆ ಮಾತುಕತೆಗೆ ಕಂಪನಿ ಒಪ್ಪಿತು. ಮಾತೂ ಇನ್ನೂ ನಡೆಯುತ್ತಿದೆ, ಕತೆಯೂ ನಡೆಯುತ್ತಿದೆ. ಭಾವನಿಗೆ ಮಾತ್ರ ಮರುದಿನವೇ ಮೊಬೈಲಿಗೆ ಬಂತು: ಪರೀಕ್ಷೆ ಮುಂದೂಡಲಾಗಿದೆ, ಮುಂದಿನ ದಿನಾಂಕ ತಿಳಿಸಲಾಗುವುದು. ಅಜ್ಜನಿಗೂ ಅಂದು ಇದೇ ಒಕ್ಕಣೆ ಬಂದಿತ್ತಂತೆ, ಅಕ್ಷರವೂ ಬದಲಿಲ್ಲ.

ಆ ಸಂಜೆ ನಾನು ಹೋದಾಗ ಭಾವ ಸೋಫಾದ ಮೂಲೆಯಲ್ಲಿ ಮೊಬೈಲನ್ನು ಮಗುಚಿಟ್ಟುಕೊಂಡು ಕೂತಿದ್ದರು. ಪೆಟ್ಟು ಟೋಪಿಗೆ ಬೀಳಬೇಕಿತ್ತು, ತಲೆಗೇ ಬಿತ್ತು ಎಂದು ನಾನೊಂದು ಹಾಸ್ಯ ಮಾಡಿದೆ, ಯಾರೂ ನಗಲಿಲ್ಲ. ರನ್‌ವೇಯ ವಿಷಯ ಅವರು ಅಕ್ಕನಿಗೆ ಹೇಳಿದ್ದು ಆಗಲೇ. ಅವಳು ಕೇಳಿಸಿಕೊಳ್ಳುತ್ತಾ ಮಡಿಸಿದ್ದ ಟವೆಲನ್ನೇ ಮತ್ತೆ ಮತ್ತೆ ಮಡಿಸಿದಳು. ನಾನು ಅಲ್ಲೇ ಮಲಗಿದೆ.

ಬೆಳಿಗ್ಗೆ ಭಾವ ಡ್ಯೂಟಿಗೆ ಹೊರಟರು. ಮುಖ ಸುಣ್ಣ ಬಳಿದ ಹಾಗಿತ್ತು. ಅಕ್ಕ ಅಡುಗೆಮನೆಯಿಂದಲೇ ಶುರು ಮಾಡಿದಳು.

“ಕೀ?”

“ಇದೆ.”

“ಪರ್ಸ್?”

“ಇದೆ.”

ನಲ್ಲಿಯ ಸದ್ದು ನಿಂತಿತು.

“ಟೋಪಿ?”

ಭಾವ ತಲೆ ಮುಟ್ಟಿಕೊಂಡರು. “ಇಲ್ಲ.”

ಅಕ್ಕ ಒದ್ದೆ ಕೈಯಲ್ಲೇ ಬಾಗಿಲ ತನಕ ಬಂದಳು. ಗಂಡನ ತಲೆಯನ್ನು ನೆತ್ತಿಯಿಂದ ಕಿವಿಯವರೆಗೆ ದಿಟ್ಟಿಸಿದಳು.

“ನೋಡಿದೆ” ಎಂದಳು.