ನಾಲ್ಕು ಗಂಟೆಯ ಇಂಜೆಕ್ಷನ್

೧೯೬೩ನೇ ಇಸವಿ. ನರ್ಸಿಂಗ್ ಪರೀಕ್ಷೆ ಪಾಸಾಗಿ ಹುಕ್ಕೇರಿಯಿಂದ ಗೋಕಾಕದ ಒಂದು ಆಸ್ಪತ್ರೆಗೆ ಬಂದು ನನಗೆ ಮೂರು ವಾರವಾಗಿತ್ತು. ಐಸಿಯು ಎಂಬ ಹೆಸರನ್ನು ನಾವಿನ್ನೂ ಕೇಳಿರಲಿಲ್ಲ. ಎಡೆಬಿಡದೆ ಕಾಯಬೇಕಾದ ರೋಗಿಗೆ ವಾರ್ಡಿನ ಕೊನೆಯ ಕೋಣೆ ಇತ್ತು. ಕಿಟಕಿಗಳಿಗೆ ಕರಿ ಅರಿವೆ, ಬಾಗಿಲ ತಿರುಗಣಿಗೆ ಎಣ್ಣೆ. ಧನುರ್ವಾಯು ಆದವರನ್ನು ಅಲ್ಲಿ ಮಲಗಿಸುತ್ತಿದ್ದೆವು. ಬೆಳಕು ಬಿದ್ದರೂ, ಸಪ್ಪಳವಾದರೂ ಅವರ ಮೈ ಸೆಟೆದು ಉಸಿರು ಕಟ್ಟುತ್ತದೆ.

ಆ ವಾರ ಅಲ್ಲಿದ್ದವಳು ಕುಲಗೋಡದ ಯಲ್ಲವ್ವ, ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಕಬ್ಬು ಕಡಿಯುವಾಗ ಕೂಳೆ ಅಂಗಾಲಿಗೆ ಚುಚ್ಚಿತ್ತು. ರಾತ್ರಿ ಎಂಟರಿಂದ ಬೆಳಗಿನ ಎಂಟರವರೆಗೆ ಅವಳ ಹತ್ತಿರ ನಾನೊಬ್ಬಳೇ. ಚಾರ್ಜ್ ಒಪ್ಪಿಸುವಾಗ ಹಿರಿಯ ಸಿಸ್ಟರ್ ಲೀಲಾಬಾಯಿ ಹೇಳಿದ್ದಿಷ್ಟು: "ಕೈಬಳಿ ತಗದಿಡು, ಚಪ್ಪಲಿ ಹೊರಗ ಬಿಡು. ಮಾತಾಡಬ್ಯಾಡ. ಪ್ಯಾರಾಲ್ಡಿಹೈಡ್ ಹನ್ನೆರಡಕ್ಕ, ನಾಲ್ಕಕ್ಕ. ಹಿಂದಿಲ್ಲ, ಮುಂದಿಲ್ಲ." ಅದು ಸೆಳೆತ ತಡೆದು ನಿದ್ದೆ ಬರಿಸುವ ಔಷಧ; ಹೆಚ್ಚಾದರೆ ಉಸಿರನ್ನೂ ಕುಗ್ಗಿಸುತ್ತದೆ. ಕೋಣೆ ತುಂಬ ಅದರ ಘಾಟು.

ಅವಳ ಗಂಡ ಭೀಮಪ್ಪನಿಗೆ ಒಳಗೆ ಬರುವ ಹಾಗಿರಲಿಲ್ಲ. ಹೊರಗೆ ಸೊಳ್ಳೆ ಕಡಿಸಿಕೊಳ್ಳುತ್ತ ಬಾಗಿಲಿಗೆ ಒರಗಿ ಕೂತಿರುತ್ತಿದ್ದ. ಮೊದಲ ರಾತ್ರಿ ಕೇಳಿದ: "ಬಾಯಾರ, ಒಳಗ ನೀವು ಯಾರ ಕೂಡ ಮಾತಾಡ್ತೀರಿ?"

"ಯಾರ ಕೂಡೂ ಇಲ್ಲ."

"ಹಂಗಾರ ನನಗಿಂತ ನಿಮ್ಮದ ಕಠಿಣ ಬಿಡ್ರಿ. ನನಗ ಕಡಿಯಾಕ ಗುಂಗಾಡರ ಅದಾವ."

ಮೂರನೆಯ ರಾತ್ರಿ ಒಂದು ಗಂಟೆಯ ನಂತರ ಎರಡು ಸಲ ಸೆಳೆತ ಬಂತು. ಕಾಗದ ಸುತ್ತಿದ ಲಾಟೀನಿನ ಬೆಳಕಿನಲ್ಲಿ, ಹಲ್ಲು ಕಚ್ಚಿದ ಆ ಮುಖ ನಗುತ್ತಿರುವಂತೆ ಕಾಣುತ್ತಿತ್ತು. ಇನ್ನೊಂದು ಬಂದರೆ ಒಬ್ಬಳೇ ಏನು ಮಾಡಲಿ? ಎರಡೂವರೆಗೆ, ನಾಲ್ಕರ ಇಂಜೆಕ್ಷನ್ ಕೊಟ್ಟುಬಿಟ್ಟೆ. ಚಾರ್ಟಿನಲ್ಲಿ ಬರೆಯಲಿಲ್ಲ. ನಾಲ್ಕಾದ ಮೇಲೆ ನಾಲ್ಕೆಂದೇ ಬರೆದರಾಯಿತು ಅಂದುಕೊಂಡೆ.

ಸೆಳೆತ ನಿಂತಿತು. ನಿರಾಳವಾಗಿ ಕುರ್ಚಿಯಲ್ಲಿ ಕೂತೆ. ಮೂರು ದಾಟಿತ್ತು, ಬಾಗಿಲ ಕೆಳಗಿನ ಸಂದಿಯಿಂದ ಭೀಮಪ್ಪನ ವಸ್ತ್ರದ ತುದಿ ಒಳಗೆ ಬಂದು ಅಲುಗಾಡತೊಡಗಿತು. ಬಾಗಿಲು ಬಡಿಯಬಾರದೆಂದು ಅವನಿಗೆ ತಾಕೀತು ಮಾಡಿದ್ದವಳು ನಾನೇ. ಸಿಟ್ಟಿನಿಂದ ಬಾಗಿಲು ಸರಿಸಿದೆ.

"ಬಾಯಾರ," ಅವನು ಪಿಸುಗುಟ್ಟಿದ, "ಆಕೀ ಉಸರಿನ ಗೊರಗೊರ ಕೇಳವಲ್ತು."

ತಿರುಗಿ ಹೋಗಿ ಎಣಿಸಿದೆ. ನಿಮಿಷಕ್ಕೆ ಏಳೇ ಉಸಿರು. ತುಟಿ ನೀಲಿ. ಭೀಮಪ್ಪ ಡಾಕ್ಟರರ ಕ್ವಾರ್ಟರ್ಸಿಗೆ ಓಡಿದ. ನಾನು ಅವಳನ್ನು ಮಗ್ಗುಲಾಗಿಸಿ ಬಾಯಿಯ ಜೊಲ್ಲು ತೆಗೆದೆ.

ಡಾಕ್ಟರು ಬಂದವರೇ ಚಾರ್ಟ್ ನೋಡಿದರು. ಅದರ ಪ್ರಕಾರ ಕೊನೆಯ ಡೋಸ್ ಹನ್ನೆರಡಕ್ಕೆ. ಔಷಧದ ಬಲ ಇಳಿದು ಗಂಟಲು ಸೆಟೆದಿದೆ ಎಂದು ತೀರ್ಮಾನಿಸಿ, ಗಾಜಿನ ಸಿರಿಂಜಿಗೆ ಮತ್ತೆ ಔಷಧ ಎಳೆದರು. ಅದು ಮೈಗೆ ಹೋದರೆ ಯಲ್ಲವ್ವನ ಉಸಿರು ನಿಲ್ಲುತ್ತಿತ್ತು. ಬಾಯಿ ಬಿಟ್ಟರೆ ನನ್ನ ನೌಕರಿ ಹೋಗುತ್ತಿತ್ತು. ಸೂಜಿ ತೊಡೆಯ ಹತ್ತಿರ ಬಂದಾಗ, ಪಿಸುಮಾತೂ ಆಡಬಾರದ ಆ ಕೋಣೆಯಲ್ಲಿ ಕೂಗಿದೆ: "ಬ್ಯಾಡ್ರಿ! ಎರಡೂವರಿಗೆ ಕೊಟ್ಟೇನ್ರಿ!"

ಅವರು ಸಿರಿಂಜ್ ಕೆಳಗಿಟ್ಟರು. ಆಕ್ಸಿಜನ್ ಹಚ್ಚಿ, ಎದೆಗೂಡು ಒತ್ತಿ ಬಿಡುತ್ತ, ಸರದಿಯ ಮೇಲೆ ಇಬ್ಬರೂ ಅವಳನ್ನು ಉಸಿರಾಡಿಸಿದೆವು. ಆರರ ಹೊತ್ತಿಗೆ ಎಣಿಕೆ ಹದಿನಾಲ್ಕಕ್ಕೆ ಬಂತು. ಯಲ್ಲವ್ವ ಉಳಿದಳು.

ಎಂಟಕ್ಕೆ ಲೀಲಾಬಾಯಿ ಬಂದರು. "ಯಾಕ ಕೊಟ್ಟಿ?"

"ಅಂಜಿಕಿ ಬಂತ್ರಿ."

"ಅಂಜಿಕಿ ಬಂದದ್ದು ಯಾರಿಗೆ? ಔಷಧ ಕೊಟ್ಟದ್ದು ಯಾರಿಗೆ?"

ಚಾರ್ಟಿನಲ್ಲಿ ಎರಡೂವರೆ ಎಂದು ನನ್ನ ಕೈಯಿಂದಲೇ ಬರೆಸಿ ಸಹಿ ಹಾಕಿಸಿದರು. ನೌಕರಿ ಉಳಿಯಿತು.

ಮುಂದೆ ಹೊಸ ನರ್ಸುಗಳಿಗೆ ರಾತ್ರಿ ಪಾಳಿ ಹಂಚುವ ಕೆಲಸ ನನಗೇ ಬಂತು. ಮಲಗುವ ಮೊದಲು ಒಮ್ಮೆ, ನಡುರಾತ್ರಿ ಎದ್ದು ಒಮ್ಮೆ ವಾರ್ಡಿಗೆ ಹೋಗುತ್ತಿದ್ದೆ. ರೋಗಿ ಹೇಗಿದ್ದಾರೆಂಬುದನ್ನು ಚಾರ್ಟ್ ಹೇಳುತ್ತದೆ, ನರ್ಸಿನ ಅಂಜಿಕೆಯನ್ನು ಹೇಳುವುದಿಲ್ಲ. ಹುಡುಗಿಯನ್ನು ಪಕ್ಕಕ್ಕೆ ಕರೆದು, "ನಿನಗ ಅಂಜಿಕಿ ಆಗೇತೇನು?" ಎಂದು ಕೇಳುತ್ತಿದ್ದೆ. ಹೌದು ಎಂದವಳಿಗೆ ಧೈರ್ಯ ಹೇಳಿ ಬರುತ್ತಿದ್ದೆ. ಇಲ್ಲ ಎಂದವಳ ಜೊತೆ ಇನ್ನಷ್ಟು ಹೊತ್ತು ಕೂರುತ್ತಿದ್ದೆ.